ಅಸ್ತರಿಲ್ಲದ ಕಮೀಜು

"ಗುರುಗಳೇ, ಹೆಂಡತಿಗೆ ಭಕ್ತಿ ಕಲಿಸುವುದು ಹೇಗೆ?" ಎಂದು ಮುರಿಗೆಪ್ಪ ಕೇಳಿದ.

ಮುರಿಗೆಪ್ಪ ಸಂಸಾರಿಯಾದ ಶಿಷ್ಯ. ಒಬ್ಬ ಅತಿಥಿಗಾದರೂ ಉಣಿಸದೆ ತಾನು ಉಣ್ಣುವುದಿಲ್ಲ ಎಂಬುದು ಅವನ ವ್ರತ. ಯಾರೂ ಬಾರದ ದಿನ ದಾರಿಯಲ್ಲಿ ನಿಂತು ಯಾರನ್ನಾದರೂ ಕರೆತರುತ್ತಿದ್ದ. ಹನ್ನೆರಡು ವರ್ಷಗಳಲ್ಲಿ ಒಂದು ದಿನವೂ ವ್ರತ ತಪ್ಪಿರಲಿಲ್ಲ. ಊರು ಅವನನ್ನು ಕೊಂಡಾಡುತ್ತಿತ್ತು.

"ಅತಿಥಿ ಬಂದರೆ ನನಗೆ ಹಬ್ಬ. ಅವಳ ಮುಖದಲ್ಲಿ ಮಾತ್ರ ಗೆಲುವಿರುವುದಿಲ್ಲ. ಬಾಯಿಬಿಟ್ಟು ಏನೂ ಹೇಳುವವಳಲ್ಲ. ಆದರೂ ನನಗೆ ತಿಳಿಯುತ್ತದೆ" ಎಂದ.

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಜರಿ ಕಸೂತಿಯವನಿದ್ದ. ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಜರಿಯ ಎಳೆಯಲ್ಲಿ ಹೂಬಳ್ಳಿ ತೆಗೆಯುವುದು ಅವನ ಕೆಲಸ. ಈ ಕೆಲಸದಲ್ಲಿ ಒಂದು ಕೈ ಬಟ್ಟೆಯ ಮೇಲಿರುತ್ತದೆ, ಇನ್ನೊಂದು ಕೆಳಗಿರುತ್ತದೆ. ಮೇಲಿನ ಬದಿಯನ್ನು ಕಣ್ಣು ನೋಡುತ್ತದೆ. ಗಂಟುಗಳೂ ಎಳೆಯ ತುದಿಗಳೂ ಇರುವ ಕೆಳಗಿನ ಬದಿಯನ್ನು ಬೆರಳು ಮಾತ್ರ ಮುಟ್ಟುತ್ತದೆ. ಅವನ ಬೆರಳುಗಳೋ ಎಂದೋ ಜಡ್ಡುಗಟ್ಟಿದ್ದವು.

ಅವನಿಗೆ ಒಬ್ಬಳೇ ಮಗಳು. ಆ ವರ್ಷ ಅವಳ ಮದುವೆಯಾಗಿತ್ತು. ಮದುವೆಯ ನಂತರದ ಮೊದಲ ಹಬ್ಬಕ್ಕೆ ತವರಿನಿಂದ ಹೊಸ ಉಡುಪು ಹೋಗಬೇಕು. ಅದನ್ನು ತೊಟ್ಟು ಸೊಸೆ ಗಂಡನ ಮನೆಯ ನೆಂಟರ ಮುಂದೆ ಓಡಾಡಬೇಕು. ಉಡುಪು ಸಾಧಾರಣವಾಗಿದ್ದರೆ ಮಾತು ಕೇಳುವವಳು ಅವಳೇ. ಆದ್ದರಿಂದ ಅವನು ನಾಲ್ಕು ತಿಂಗಳು ಬೇರೆ ಕೆಲಸ ಹಿಡಿಯಲಿಲ್ಲ. ಕಮೀಜಿನ ತೆಳುವಾದ ಬಟ್ಟೆಯ ಮೇಲೆ ಕೊರಳಿನಿಂದ ಅಂಚಿನವರೆಗೆ, ಕಂಕುಳವನ್ನೂ ಬಿಡದೆ, ಜರಿ ತುಂಬಿದ.

ಹೊಲಿಯಲು ಕೊಟ್ಟಾಗ ದರ್ಜಿ ಅಸ್ತರು ಹಾಕೋಣವೇ ಎಂದು ಕೇಳಿದ. ಅಸ್ತರೆಂದರೆ ಒಳಗೆ ಮೈಗೆ ತಾಗುವಂತೆ ಹೊಲಿಯುವ ಮೆತ್ತನೆಯ ಬಟ್ಟೆ. ಹೊರಗಿನವರಿಗೆ ಅದು ಕಾಣುವುದೇ ಇಲ್ಲ. ಅಸ್ತರು ಹಾಕಿದರೆ ಕಮೀಜು ದಪ್ಪವಾಗಿ ತನ್ನ ಹೂಗಳ ನಯ ಕೆಡುತ್ತದೆ ಎಂದು ಅಪ್ಪ ಬೇಡವೆಂದ.

ಹಬ್ಬದ ದಿನ ಬೀಗರ ಮನೆಗೆ ಅವನಿಗೂ ಕರೆ ಬಂತು. ಬಂದ ಹೆಂಗಸರೆಲ್ಲ ಮಗಳನ್ನು ಸುತ್ತುವರಿದು, ಇದು ಯಾರ ಕೈಕೆಲಸ ಎಂದು ಕೇಳಿದರು. ಮಗಳು ಪ್ರತಿಸಲ ಅಪ್ಪನ ಕಡೆ ಕೈ ತೋರಿಸಿದಳು. ಅವನ ಎದೆ ತುಂಬಿತು. ಅವಳು ತೋಳುಗಳನ್ನು ಮೈಗೆ ತಾಗಿಸದೆ ನೆಟ್ಟಗೆ ನಿಂತಿದ್ದಳು. ಉಡುಪಿನ ಹೆಮ್ಮೆಗೆ ಹಾಗೆ ನಿಂತಿದ್ದಾಳೆ ಎಂದುಕೊಂಡ.

ಊಟದ ಹೊತ್ತಿಗೆ ಬೀಗಿತ್ತಿ ನಗುತ್ತ ಅಂದಳು: "ಏನ್ರೀ ಬೀಗರೇ, ಸೊಸೆಯನ್ನು ಕಳಿಸಿದಿರೋ, ಅಂಗಡಿಯ ಗೊಂಬೆಯನ್ನು ಕಳಿಸಿದಿರೋ? ಬೆಳಗಿನಿಂದ ಹುಡುಗಿ ಒಂದು ಸಲವೂ ಕೂತಿಲ್ಲ."

ಎಲ್ಲರೂ ನಕ್ಕರು. ಅವನೂ ನಕ್ಕ.

ಸಂಜೆ ಮಗಳು ಬಟ್ಟೆ ಬದಲಿಸಿ, ಕಮೀಜನ್ನು ಒಳಬದಿ ಹೊರಗೆ ಮಾಡಿ ಮಡಿಸಿದಳು. ಜರಿ ಕಪ್ಪಾಗಬಾರದೆಂದು ಹಾಗೆ ಮಡಿಸುವುದು ರೂಢಿ. ಆಗ ಅವನು ತನ್ನ ಕೆಲಸದ ಹಿಂಬದಿಯನ್ನು ಸರಿಯಾಗಿ ನೋಡಿದ. ಕಂಕುಳ ಬಳಿ ರಕ್ತದ ಚುಕ್ಕೆಗಳಿದ್ದವು. ಅಂಗೈ ಆಡಿಸಿದ, ಏನೂ ಚುಚ್ಚಲಿಲ್ಲ. ಜಡ್ಡುಗಟ್ಟಿದ ಕೈಯಲ್ಲವೇ. ಬಳಿಕ ಅದನ್ನು ತನ್ನ ಕೊರಳಿಗೆ ಒತ್ತಿ ಎಳೆದ. ಚರ್ಮ ಉರಿಯಿತು.

"ಯಾಕಮ್ಮ ಹೇಳಲಿಲ್ಲ?"

"ಎಲ್ಲರೂ ನಿಮ್ಮನ್ನು ಹೊಗಳುತ್ತಿದ್ದರಲ್ಲ ಅಪ್ಪಾ. ಅದರ ನಡುವೆ ಏನಂತ ಹೇಳಲಿ?"

ಅವನು ತನ್ನ ಹೆಗಲ ಮೇಲಿದ್ದ ಹಳೆಯ ಪಂಚೆಯನ್ನು ಹರಿದ. ಒಗೆದು ಒಗೆದು ಮೆತ್ತಗಾದ ಬಟ್ಟೆ ಅದು. ಮಗಳಿಂದ ಸೂಜಿ ಕೇಳಿ ಪಡೆದು, ಅಲ್ಲೇ ಕೂತು ಕಮೀಜಿಗೆ ಅಸ್ತರು ಹೊಲಿದ. ಹೂಗಳ ನಯ ಅವನು ಹೆದರಿದ್ದಂತೆಯೇ ತುಸು ಕೆಟ್ಟಿತು. ಹಬ್ಬದ ಮರುದಿನ ಮಗಳು ಅದನ್ನೇ ತೊಟ್ಟು, ನೆಂಟರ ನಡುವೆ ಚಾಪೆಯ ಮೇಲೆ ಕೂತು, ಎರಡು ಸಲ ಹಾಕಿಸಿಕೊಂಡು ಉಂಡಳು.

ಕತೆ ಮುಗಿಯಿತು. ಮುರಿಗೆಪ್ಪ ತಲೆದೂಗಿದ. "ಕತೆ ಚೆನ್ನಾಗಿದೆ, ಗುರುಗಳೇ. ಆದರೆ ನಾನು ಕೇಳಿದ್ದು ನನ್ನ ಹೆಂಡತಿಯ ವಿಷಯ" ಎಂದ.

ಗುರುಗಳು ಅವನ ಮುಖ ನೋಡಿ ಕೇಳಿದರು:

"ಅತಿಥಿಯೂ ಉಂಡು, ನೀನೂ ಉಂಡು ಎದ್ದ ಮೇಲೆ, ಆಕೆ ಕೂರುವುದು ಎಷ್ಟು ಹೊತ್ತಿಗೆ ಮುರಿಗೆಪ್ಪಾ?"