ನಲವತ್ತಾಳುದ್ದದ ಬಾವಿ

"ಕೇಳ್ರಪ್ಪೋ ಕೇಳಿ! ಅರಸುಮಗಳು ನಾಗಲದೇವಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಕೇಳಿದ ವರ. ಒಂದು ತಪ್ಪಿದರೂ ಅಮಾವಾಸ್ಯೆಯ ದಿನ ತಲೆದಂಡ. ಸರಿಯುತ್ತರ ಯಾರನ್ನು ನೋಯಿಸಿದರೂ ಅದಕ್ಕೆ ಶಿಕ್ಷೆಯಿಲ್ಲ!"

ಕರಿಬಂಡೆ ಪಟ್ಟಣದಲ್ಲಿ ಡಂಗುರದವನು ಕುಂಟುತ್ತಲೇ ಸಾರಿದ, ಜನ ಸೊಂಟ ಹಿಡಿದುಕೊಂಡೇ ಕೇಳಿದರು. ಆ ಊರಲ್ಲಿ ನೆಟ್ಟಗೆ ನಡೆಯುವವರೇ ಕಡಿಮೆ. ಮಕ್ಕಳ ಹಲ್ಲು ಕಂದು, ದೊಡ್ಡವರ ಮಂಡಿ ಸೊಟ್ಟ.

ನಾಗಲದೇವಿ ಹುಟ್ಟಿದ ವರ್ಷ ಕೆರೆ ಬತ್ತಿತ್ತು. ಕೂಸಿಗೆ ನೀರಿಲ್ಲವೆಂದು ಅರಸು ವೀರಮಲ್ಲ ಬಂಡೆ ಒಡೆಸಿ ನಲವತ್ತಾಳುದ್ದದ ಬಾವಿ ತೋಡಿಸಿದ. ನೀರು ಕನ್ನಡಿಯಂತಿತ್ತು. ಮುಂದೆ ಕೆರೆ ತುಂಬಿದರೂ ಅದರ ನೀರು ಅರಮನೆಯ ತೋಟಕ್ಕೆ, ಬಟ್ಟೆ ಒಗೆಯುವುದಕ್ಕೆ. ಊರೆಲ್ಲ ಕುಡಿಯುವುದು ಬಾವಿಯ ನೀರೇ ಎಂದು ಕಟ್ಟಳೆಯಾಯಿತು. ಬಾವಿಯನ್ನು ಹಳಿದವನ ನಾಲಿಗೆ ಸೀಳುವುದು ಇನ್ನೊಂದು ಕಟ್ಟಳೆ. ದಿನಾ ಮೊದಲ ಕೊಡ ಮಗಳಿಗೆ. ಈಗ ಆ ಮಗಳಿಗೆ ಹದಿನೆಂಟು, ಮಂಚದಿಂದ ಏಳಲಾರಳು. ಮುದ್ದಿನಿಂದ ಮಾಡಿದ್ದೇ ಮುಳುವಾಯಿತೆಂದು ಅಪ್ಪನಿಗೆ ಹೇಳುವವರು ಯಾರು?

ಮಡಿವಾಳರ ಮಾಚ ಹೆದರುಪುಕ್ಕಲ. ಆದರೆ ಅವನ ತಂಗಿ ಸಿದ್ದಿಗೆ ಇಪ್ಪತ್ತಕ್ಕೇ ಬೆನ್ನು ಬಾಗಿತ್ತು. ಅವಳ ಕೂಸು ಕೆಂಚಿಗೆ ಎಂಟು ತಿಂಗಳು, ಇನ್ನೂ ಎದೆಹಾಲು.

"ಹಾಲು ಬಿಡಿಸೋ ಹೊತ್ತು ಬಂತಲ್ಲಣ್ಣಾ. ಇದರ ಬಾಯಿಗೂ ಅದೇ ನೀರು ಹುಯ್ಯಲಾ?" ಎಂದು ಸಿದ್ದಿ ಕೇಳಿದಳು. ಮಾರನೆಯ ದಿನ ಮಾಚ ಮಡಿಲಲ್ಲಿ ಏನನ್ನೋ ಕಟ್ಟಿಕೊಂಡು ಅರಮನೆಗೆ ಹೋದ.

ಅವನಿಗಿಂತ ಮುಂದೆ ಇಬ್ಬರಿದ್ದರು. ಮಂಚದ ಮೇಲಿಂದ ನಾಗಲದೇವಿ ಕೇಳಿದಳು: "ಮೇಲಿಂದ ಬರಿಗೈಯಲ್ಲಿ ಬರುತ್ತಾನೆ. ಕೆಳಗಿಳಿದಷ್ಟೂ ಮನೆಮನೆ ಹೊಕ್ಕು ಎತ್ತಿಕೊಳ್ಳುತ್ತಾನೆ. ಹೊತ್ತ ಮೂಟೆ ಕಣ್ಣಿಗೆ ಕಾಣದು. ಯಾರವನು?"

"ಹೆಂಚು ತೆಗೆದು ಇಳಿದ ಕಳ್ಳ!" ಎಂದ ನೆರೆನಾಡಿನ ಅರಸುಕುಮಾರ. ಅವನನ್ನು ಸೆರೆಗೆ ಎಳೆದೊಯ್ದರು.

ಆಸ್ಥಾನದ ವೈದ್ಯ ಜಾಣ. "ಮಳೆನೀರು, ತಾಯಿ" ಎಂದ.

"ಮೂಟೆಯಲ್ಲಿ ಏನಿದೆ?"

ವೈದ್ಯ ಅರಸನ ಮುಖ ನೋಡಿದ. "ಪುಣ್ಯ" ಎಂದ. ನಾಗಲದೇವಿ ನಿಟ್ಟುಸಿರು ಬಿಟ್ಟು ಎರಡನೆಯದನ್ನು ಹಾಕಿದಳು: "ಮಲಗಿದ ಮುದುಕಿ ಏಳುವುದಿಲ್ಲ. ವರ್ಷಕ್ಕೊಂದು ಹೊದಿಕೆ ಹೊದೆಯುತ್ತಾಳೆ. ಯಾವ ವರ್ಷ ಏನಾಯಿತೆಂದು ಕೇಳಿದರೆ ಆ ವರ್ಷದ ಹೊದಿಕೆ ತೋರಿಸುತ್ತಾಳೆ. ಯಾರವಳು?"

"ಈರುಳ್ಳಿ!" ಎಂದ ವೈದ್ಯ. ಸಭೆಯಲ್ಲಿ ನಗು ಬಂತು, ಸದ್ದು ಮಾತ್ರ ಬರಲಿಲ್ಲ. ಅವನೂ ಸೆರೆಗೆ ಹೋದ.

ಮಾಚ ಮುಂದೆ ಬಂದ. "ಅವ್ವಾ, ಮೊದಲನೇದು ಮಳೆನೀರೇ. ಮೂಟೆಯಲ್ಲಿರೋದು ಪುಣ್ಯ ಅಲ್ಲ. ಬಿಸಿಲಲ್ಲಿ ಕಾದ ಒಗೆಯೋ ಬಂಡೆ ಮೇಲೆ ಒಂದು ಬೊಗಸೆ ಮಳೆನೀರು ಹುಯ್ದು ನೋಡಿದೀನಿ, ಆರಿದ ಮೇಲೆ ಗುರುತೇ ಇಲ್ಲ. ಬಾವಿ ನೀರು ಹುಯ್ದರೆ ಬಿಳೀ ಪೊರೆ ನಿಲ್ಲುತ್ತೆ. ಮಣ್ಣಿಂದ, ಬಂಡೆಯಿಂದ ಚೂರುಚೂರೇ ಕರಗಿಸ್ಕೊಂಡು ಇಳಿದಿರುತ್ತೆ. ಅದರೊಳಗೆ ಯಾವುದು ಕೆಟ್ಟದ್ದೋ ನಂಗೊತ್ತಿಲ್ಲ."

ಅರಸ ಎದ್ದು ನಿಂತ. "ಅಪ್ಪಾಜಿ, ಡಂಗುರದ ಮಾತು ನೆನಪಿರಲಿ" ಎಂದಳು ಮಗಳು.

"ಎರಡನೇದು ಕೆರೆಯ ಹೂಳು. ಬೇಸಿಗೇಲಿ ಬಟ್ಟೆ ಉಜ್ಜೋಕೆ ಹೂಳು ಅಗೀತೀನಿ. ಒಂದರ ಮೇಲೊಂದು ಪದರ. ನಡುವೆ ಒಂದು ಪದರ ಬೆಳ್ಳಗೆ, ಬರೀ ಕಲ್ಲುಪುಡಿ. ಬಾವಿಗೆ ಬಂಡೆ ಒಡೆದ ವರ್ಷದ್ದು." ಮಾಚ ಮಡಿಲು ಬಿಚ್ಚಿ ಎರಡು ದವಡೆ ಮೂಳೆ ಇಟ್ಟ. "ಎರಡೂ ಎಳೆ ದನದ್ದು. ಇದು ಆ ಪದರದ ಕೆಳಗೆ ಸಿಕ್ಕಿದ್ದು, ಹಲ್ಲು ಬೆಳ್ಳಗಿದೆ. ಇದು ಮೇಲೆ ಸಿಕ್ಕಿದ್ದು, ಬಾವಿ ತೊಟ್ಟಿ ನೀರು ಕುಡಿದು ಬೆಳೆದ ದನ. ಹಲ್ಲು ನೋಡಿ ಬುದ್ಧೀ."

ಕಂದು ಹಲ್ಲು. ಅರಸ ಕೈ ಬಾಯಿಗೆ ತಂದುಕೊಂಡು ಹಾಗೇ ಕುಸಿದು ಕೂತ.

ಮೂರನೆಯದನ್ನು ಹಾಕುವಾಗ ನಾಗಲದೇವಿಯ ದನಿ ಸಣ್ಣಗಾಯಿತು. "ನುಂಗಿದ್ದು ನನಗೆ ತಿಳಿಯಲಿಲ್ಲ. ಈಗ ಅದು ನನ್ನ ಮೂಳೆಯೇ ಆಗಿದೆ. ಅದನ್ನು ತೆಗೆದು ನನ್ನನ್ನು ಎಬ್ಬಿಸಿ ನಿಲ್ಲಿಸುವ ಮದ್ದು ಯಾವುದು?"

"ಹೇಳಪ್ಪಾ" ಎಂದು ಅರಸ ಮಡಿವಾಳನಿಗೆ ಕೈಮುಗಿದ. "ಅರ್ಧ ರಾಜ್ಯ ಕೊಡುತ್ತೇನೆ, ಹೇಳು."

ಮಾಚನ ಕಣ್ಣಲ್ಲಿ ನೀರು ಬಂತು. ಇದೇ ಮದ್ದನ್ನು ಅವನು ಸಿದ್ದಿಗಾಗಿ ಎಲ್ಲಿ ಹುಡುಕಿರಲಿಲ್ಲ! "ಇಲ್ಲ ಕಣವ್ವಾ, ಮದ್ದಿಲ್ಲ. ಬಟ್ಟೆಗೆ ಹತ್ತಿದ ಕಲೆ ಆದ್ರೆ ಒಗೆದು ತೆಗೀಬಹುದು. ನೂಲಿಗೇ ಬಣ್ಣ ಕುಡಿಸಿ ನೇಯ್ದಿದ್ದನ್ನ ಯಾವ ಮಡಿವಾಳ ತೆಗೀತಾನೆ?"

ನಾಗಲದೇವಿ ಸೂರು ನೋಡಿದಳು.

"ಸರಿಯುತ್ತರ" ಎಂದಳು. "ಕಿಟಕಿಯಿಂದ ಊರಿನ ಕಾಲು ನೋಡಿ ನೋಡಿಯೇ ನನಗೆ ಅನುಮಾನ ಬಂದಿತ್ತು ಅಪ್ಪಾಜಿ. ನನಗೋಸ್ಕರ ತೋಡಿಸಿದ ಬಾವಿ, ನಾನೇ ಹೇಗೆ ಹೇಳಲಿ? ಮೂರನೆಯದನ್ನು ಮಾತ್ರ ತಪ್ಪು ಎಂದು ಹೇಳುವ ಆಸೆ ಎಷ್ಟಿತ್ತು!" ಎಂದು ಅತ್ತಳು. ಸೆರೆಯಲ್ಲಿದ್ದ ಇಬ್ಬರನ್ನೂ ಆಗಲೇ ಬಿಡಿಸಿದಳು.

"ವರ ಕೇಳು" ಎಂದ ಅರಸ.

"ಬಾವಿ ಮುಚ್ಚಿಸಿ ಬುದ್ಧೀ. ಕೆರೆ ನೀರು ಊರಿಗೆ ಬಿಡಿ. ನನ್ನ ತಂಗಿ ಕೂಸಿಗೆ ಇನ್ನೂ ಹಲ್ಲು ಬಂದಿಲ್ಲ."

ಬಾವಿಗೆ ಮೊದಲ ಕಲ್ಲನ್ನು ಅರಸನೇ ಹಾಕಿದ. ಅದು ನೀರು ಮುಟ್ಟಿದ ಸದ್ದು ಬರಲು ಹೊತ್ತು ಹಿಡಿಯಿತು. ಊರಲ್ಲಿ ಒಬ್ಬರ ಮಂಡಿಯೂ ನೆಟ್ಟಗಾಗಲಿಲ್ಲ, ಸಿದ್ದಿಯ ಬೆನ್ನೂ ಅಷ್ಟೆ. ನಾಗಲದೇವಿ ಮಂಚದಲ್ಲೇ ಉಳಿದಳು.

ಏಳು ವರ್ಷವಾಯಿತು. ಕೆಂಚಿಯ ಹಾಲುಹಲ್ಲು ಬಿದ್ದು ಹೊಸದು ಹುಟ್ಟಿದ ದಿನ ನಾಗಲದೇವಿ ಅವಳನ್ನು ಕರೆಸಿ ತುಟಿ ಎತ್ತಿ ನೋಡಿದಳು.

"ಬೆಳ್ಳಗಿದೆ ಅಪ್ಪಾಜಿ" ಎಂದಳು. ಮುದಿ ಅರಸ ಬಗ್ಗಿ ನೋಡಿದ.

ಕೈಗೆ ಬೆಲ್ಲ ಬಿದ್ದದ್ದೇ ತಡ, ಕೆಂಚಿ ಬೀದಿಗೆ ಓಡಿದಳು. ಅವಳು ಓಡುವುದನ್ನು ಊರಿಗೆ ಊರೇ ಜಗಲಿಗಳಲ್ಲಿ ಕೂತಲ್ಲಿಂದಲೇ ನೋಡಿತು.