ಕೊರಳೋ ಕುತ್ತಿಗೆಯೋ

"ಗುರುಗಳೇ, ಇಂಗ್ಲಿಷಿನ 'ನೆಕ್' ಎಂಬ ಪದಕ್ಕೆ ಕೊರಳು ಎಂದು ಬರೆಯಲೋ, ಕುತ್ತಿಗೆ ಎಂದು ಬರೆಯಲೋ?" ಎಂದು ಚನ್ನವೀರ ಕೇಳಿದ.

ಮಠದ ಶಾಲೆಯ ಮಕ್ಕಳಿಗಾಗಿ ಅವನು ಇಂಗ್ಲಿಷ್ ಪದಗಳಿಗೆ ಅರ್ಥ ಬರೆಯುತ್ತಿದ್ದ. ಕಣ್ಣು, ಮೂಗು, ಕಿವಿ ಸಲೀಸಾಗಿ ಮುಗಿದಿದ್ದವು. "ಎರಡೂ ಒಂದೇ ಅಲ್ಲವೇ? ಒಂದು ಸಾಕಲ್ಲವೇ?" ಎಂದ.

ಗುರುಗಳು ಹೇಳತೊಡಗಿದರು.

ನದಿಯ ದಡದ ಊರೊಂದರಲ್ಲಿ ನ್ಯಾಯಾಲಯವಿತ್ತು. ಇಂಗ್ಲಿಷರ ಆಳ್ವಿಕೆಯ ಕಾಲ. ನ್ಯಾಯಾಧೀಶನಿಗೆ ಕನ್ನಡ ಬಾರದು. ಅಲ್ಲೊಬ್ಬ ದುಭಾಷಿ ಇದ್ದ. ಸಾಕ್ಷಿ ನುಡಿದದ್ದನ್ನು ಒಂದು ಪದ ಹೆಚ್ಚಿಲ್ಲದೆ, ಒಂದು ಪದ ಕಡಿಮೆಯಿಲ್ಲದೆ ಇಂಗ್ಲಿಷಿಗೆ ದಾಟಿಸುತ್ತಿದ್ದ. ಅದೇ ಅವನ ಹೆಮ್ಮೆ.

ಒಂದು ದಿನ ಒಬ್ಬ ಅಂಬಿಗನನ್ನು ಕಟಕಟೆಗೆ ತಂದರು. ಜೊತೆಗಾರನನ್ನು ಕೊಂದ ಎಂಬ ಆಪಾದನೆ. ಅಂದು ಬೆಳಿಗ್ಗೆ ಅವರಿಬ್ಬರೂ ಬೈದಾಡಿಕೊಂಡದ್ದನ್ನು ಊರೇ ಕೇಳಿತ್ತು. ಮಧ್ಯಾಹ್ನ ಅವರ ಹರಿಗೋಲು ಮಡುವಿನಲ್ಲಿ ಮಗುಚಿತು. ಒಬ್ಬ ಸತ್ತ, ಒಬ್ಬ ಉಳಿದ. ಸತ್ತವನ ಹೆಂಡತಿ ನ್ಯಾಯಾಲಯದ ಗೋಡೆಗೆ ಒರಗಿ ಕೂತಿದ್ದಳು. ಉಳಿದವನ ಮುಖವನ್ನು ಅವಳು ಒಮ್ಮೆಯೂ ನೋಡಲಿಲ್ಲ.

ಕಣ್ಣಾರೆ ಕಂಡವಳು ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬ ಮುದುಕಿ ಮಾತ್ರ.

"ನೀರಿನಲ್ಲಿ ಇವನು ಅವನ ಕೊರಳು ಬಳಸಿ ಹಿಡಿದಿದ್ದ, ಬುದ್ಧೀ. ಉಸಿರು ನಿಲ್ಲೋ ತನಕ ಬಿಡಲೇ ಇಲ್ಲ" ಎಂದಳು.

ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ನೆಕ್ ಎಂದ. ಬಳಸಿ ಹಿಡಿದಿದ್ದ ಎಂದ. ಉಸಿರು ನಿಲ್ಲುವ ತನಕ ಬಿಡಲಿಲ್ಲ ಎಂದ. ಒಂದು ಪದವೂ ಜಾರಲಿಲ್ಲ. ನ್ಯಾಯಾಧೀಶನ ಮುಖ ಬಿಗಿಯಿತು. ಇದು ನಿಜವೇ ಎಂದು ಅಂಬಿಗನನ್ನು ಕೇಳಿಸಿದ.

ಅಂಬಿಗನ ಕಣ್ಣು ತುಂಬಿತು. "ಹೌದು ಬುದ್ಧೀ, ಬಿಡಲಿಲ್ಲ" ಎಂದ. ಆಮೇಲೆ ದುಭಾಷಿಯ ಕಡೆಗೆ ತಿರುಗಿ ಕೈ ಮುಗಿದ. ತನ್ನ ಪರವಾದ ಮಾತು ದೊರೆಯ ಕಿವಿಗೆ ಮುಟ್ಟಿತೆಂದು ಅವನು ತಿಳಿದಿದ್ದ.

ತಪ್ಪೊಪ್ಪಿಕೊಂಡನೆಂದು ನ್ಯಾಯಾಧೀಶ ಬರೆಯತೊಡಗಿದ.

ಆಗ ದುಭಾಷಿಗೆ ಹೊಳೆಯಿತು. ಮುದುಕಿ ಕುತ್ತಿಗೆ ಎಂದಿರಲಿಲ್ಲ. ಹಾರ ಹಾಕುವುದು ಕೊರಳಿಗೆ, ಮಗು ಜೋತುಬೀಳುವುದು ಕೊರಳಿಗೆ; ಹಿಸುಕುವುದು ಕುತ್ತಿಗೆಯನ್ನು. ಸುಮ್ಮನಿದ್ದರೆ ತನ್ನನ್ನು ಯಾರೂ ತಪ್ಪುಗಾರನೆನ್ನುವಂತಿರಲಿಲ್ಲ. ಬಾಯಿಬಿಟ್ಟರೆ ಇಷ್ಟು ವರ್ಷ ಗಳಿಸಿದ ಹೆಸರು ಹೋಗುತ್ತಿತ್ತು. ಆದರೆ ಅಂಬಿಗ ಮುಗಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

"ಖಾವಂದರೇ, ಸಾಕ್ಷಿ ಹೇಳಿದ್ದು ಬೇರೆ, ನನ್ನ ಬಾಯಲ್ಲಿ ಬಂದದ್ದು ಬೇರೆ" ಎಂದ.

"ಅವಳು ಹೇಳಿದ್ದು ನೆಕ್ ಅಲ್ಲವೇ?"

"ನೆಕ್ ಹೌದು."

"ಮತ್ತೇನು ಬೇರೆ?"

ದುಭಾಷಿಗೆ ಇಂಗ್ಲಿಷಿನಲ್ಲಿ ಇನ್ನೊಂದು ಪದ ಸಿಗಲಿಲ್ಲ. ನೆರೆದವರೆಲ್ಲ ನೋಡುತ್ತಿದ್ದರು. ಅವನು ಪೇಟ ತೆಗೆದಿಟ್ಟು, ಮುದುಕಿಯ ಮುಂದೆ ಬರಿನೆಲದ ಮೇಲೆ ಕೂತ. "ಅವ್ವಾ, ಅವನು ಹೇಗೆ ಹಿಡಿದಿದ್ದ? ನನ್ನನ್ನು ಹಿಡಿದು ತೋರಿಸು" ಎಂದ.

"ನಿಮ್ಮನ್ನ ನಾನು ಹೆಂಗೆ ಮುಟ್ಟಲಿ ಬುದ್ಧೀ?"

"ಮುಟ್ಟು ತಾಯಿ."

ಅವಳು ಅವನ ಹಿಂದೆ ಕೂತಳು. ಎಡತೋಳಿನಿಂದ ಅವನ ಕೊರಳು ಬಳಸಿ, ಗದ್ದವನ್ನು ಮೇಲಕ್ಕೆತ್ತಿ ಹಿಡಿದಳು. ಬಲಗೈಯಿಂದ ಇಲ್ಲದ ನೀರನ್ನು ತಳ್ಳಿದಳು. ದುಭಾಷಿಯ ಮುಖ ಸೂರಿನ ಕಡೆಗೆ ತಿರುಗಿತು. ಉಸಿರು ಸರಾಗವಾಗಿ ಆಡುತ್ತಿತ್ತು.

"ಹಿಂಗೆ ಬುದ್ಧೀ. ತಾನೇ ಮುಳುಗಿ ಮುಳುಗಿ ಏಳ್ತಿದ್ದ. ಅವನ ಮುಖ ಮಾತ್ರ ಮುಳುಗಗೊಡಲಿಲ್ಲ. ಮೊದಲೇ ಕುಡಿದಿದ್ದ ನೀರು ಅವನ ಜೀವ ತಗೊಂತು."

ನ್ಯಾಯಾಧೀಶ ಲೇಖನಿ ಕೆಳಗಿಟ್ಟ. ಸತ್ತವನ ಹೆಂಡತಿ ಎದ್ದು ಕಟಕಟೆಯ ಬಳಿಗೆ ಬಂದಳು. ಆಗ ಅಂಬಿಗನ ಮುಖ ನೋಡಿದಳು.

"ಕೊನೆಗೆ ಏನಾದರೂ ಅಂದರಾ?" ಎಂದು ಕೇಳಿದಳು.

"'ನನ್ನ ಬಿಡು, ನೀನು ಈಜಿ ಹೋಗು' ಅಂದ, ಅತ್ತಿಗೆ" ಎಂದ ಅಂಬಿಗ.

ಅವಳು ಕಟಕಟೆಯ ಮರವನ್ನು ಹಿಡಿದುಕೊಂಡು ಅತ್ತಳು. ಅವನೂ ಅತ್ತ.

ಅಂಬಿಗನನ್ನು ಬಿಟ್ಟರು. ಅಂದಿನಿಂದ ಆ ನ್ಯಾಯಾಧೀಶ ಮತ್ತೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳದೆ ದುಭಾಷಿಯ ಮಾತನ್ನು ಬರೆದುಕೊಳ್ಳಲಿಲ್ಲ. ದುಭಾಷಿಗೆ ಅದರಿಂದ ನೋವಾಯಿತು. ಆದರೂ ಸಹಿಸಿದ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ತನಗರಿವಿಲ್ಲದೆಯೇ ಕೊರಳು ಮುಟ್ಟಿಕೊಂಡಿದ್ದ.

"ಹಾಗಾದರೆ ಎರಡನ್ನೂ ಬರೆಯುತ್ತೇನೆ, ಗುರುಗಳೇ. ಯಾವಾಗ ಯಾವುದು ಎಂದು ಮಕ್ಕಳು ಕೇಳಿದರೆ ಏನು ಹೇಳಲಿ?"

ಗುರುಗಳೆಂದರು: "ಹಿಡಿದ ಕೈಯನ್ನು ಮೊದಲು ನೋಡಿ ಎನ್ನು."