ಒಂಬತ್ತು ಸಲ ಮಗುಚಿದ ದೋಣಿ

"ಗುರುಗಳೇ, ಮಠದ ವಾದಗಳಲ್ಲಿ ನಾನು ಈವರೆಗೆ ಒಮ್ಮೆಯೂ ಸೋತಿಲ್ಲ. ಇನ್ನು ಅರಮನೆಯ ಸಭೆಗೆ ಹೋಗಬಹುದಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ತರುಣನಿದ್ದ. ದೋಣಿ ನಡೆಸಲು ಕಲಿತು ಮೂರೇ ತಿಂಗಳು. ಮೀಸೆಯ ತಿರುವು ಮಾತ್ರ ಮೂವತ್ತು ವರ್ಷ ಪಳಗಿದ ಅಂಬಿಗನದು. ಊರ ಮುಂದಿನ ಹೊಳೆಯಲ್ಲಿ ಜನರನ್ನು ದಾಟಿಸುತ್ತಿದ್ದ ಮುದಿ ಅಂಬಿಗನಿಗೆ ತೋಳು ಸೋತಿತ್ತು. ಅವನ ದೋಣಿಯ ಹುಟ್ಟು ತನ್ನ ಕೈಗೇ ಬರಬೇಕೆಂದು ತರುಣನ ಆಸೆ. ಬರದೆ ಎಲ್ಲಿ ಹೋದೀತು ಎಂಬ ಧಿಮಾಕು ಬೇರೆ.

ಒಂದು ಬೆಳಗ್ಗೆ ದಡದಲ್ಲಿ ಜನ ಸೇರಿದ್ದಾಗ ಎದೆ ಸೆಟೆಸಿ ಬಂದು ನಿಂತ.

"ಹುಟ್ಟು ಕೊಡು, ತಾತ. ನನ್ನ ದೋಣಿ ಒಂದು ಸಲವೂ ಮಗುಚಿಲ್ಲ. ಯಾರನ್ನು ಬೇಕಾದರೂ ಕೇಳು."

"ಮಗುಚಿದರೆ ಏನು ಮಾಡ್ತೀಯಪ್ಪಾ?"

"ಮಗುಚಿದರೆ ತಾನೆ!"

"ಅಂದರೆ ಗೊತ್ತಿಲ್ಲ ಅಂತಾಯ್ತು. ಈ ಹೊಳೆಯಲ್ಲಿ ಮಡು ಇದೆ, ಬಂಡೆ ಇದೆ. ಇಲ್ಲಿ ಕಲಿಯೋಕೆ ಹೋದರೆ ನಿನ್ನ ಜೊತೆ ಎಂಟು ಜನ ಮುಳುಗ್ತಾರೆ. ನಿನಗೆ ತಕ್ಕ ನೀರು ಎಮ್ಮೆ ಹಳ್ಳ. ಎದೆಮಟ್ಟ ಇದೆ, ಸೆಳೆತ ಇಲ್ಲ. ತೇಲೋಕೆ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಹೋಗಿ, ಚೆನ್ನಾಗಿ ಮಗುಚಿಕೊಂಡು ಬಾ."

ಜನ ಗೊಳ್ಳೆಂದು ನಕ್ಕರು. ತರುಣನ ಕಿವಿ ಕೆಂಪಾಯಿತು. ಹೊಳೆ ಆಳಬೇಕಾದ ಗಂಡಸು ಎಮ್ಮೆ ಮೈ ತೊಳೆಯುವ ನೀರಿಗೆ ಇಳಿಯುವುದೇ! ಆದರೂ ಹುಟ್ಟಿನ ಆಸೆ ಬಿಡಲಿಲ್ಲ. ಹೋದ.

ಮೊದಲ ಸಲ ಮಗುಚಿದಾಗ ದೋಣಿ ಒಂದು ಕಡೆ, ಹುಟ್ಟು ಇನ್ನೊಂದು ಕಡೆ ತೇಲಿತು. ಯಾವುದನ್ನು ಹಿಡಿಯಬೇಕೆಂದು ತಿಳಿಯದೆ, ಕೆಸರುನೀರು ಕುಡಿದು, ಎರಡನ್ನೂ ಬಿಟ್ಟು ದಡಕ್ಕೆ ತೆವಳಿದ. ಎಮ್ಮೆ ಕಾಯುವವಳು, "ಅಣ್ಣಾ, ನಮ್ಮ ಎಮ್ಮೆ ಬೆನ್ನು ಹತ್ತು, ಅದು ಮಗುಚಲ್ಲ" ಎಂದಳು.

ಅವನು ಪಂಚೆ ಹಿಂಡಿಕೊಂಡ. ದೋಣಿಯಲ್ಲಿ ಎಂಟು ಜನ ಇದ್ದಿದ್ದರೆ ಎಂಬುದು ಆಗ ಹೊಳೆಯಿತು. ಹಲ್ಲು ಕಚ್ಚಿ ಮತ್ತೆ ಮಗುಚಿದ. ದಿನ ಬಿಟ್ಟು ದಿನ ಮಗುಚಿದ. ಒಂಬತ್ತನೆಯ ಸಲ, ಕವುಚಿದ ದೋಣಿಯನ್ನು ಬಿಡದೆ, ಅದನ್ನೇ ಹಿಡಿದು ಈಜಿ ದಡ ಮುಟ್ಟಿಸಿದ.

ಒದ್ದೆ ಪಂಚೆಯಲ್ಲೇ ಹೊಳೆಯ ದಡಕ್ಕೆ ಬಂದ. ಎದೆ ಮೊದಲಿಗಿಂತ ಹೆಚ್ಚು ಸೆಟೆದಿತ್ತು.

"ತಾತ, ಒಂಬತ್ತು ಸಲ ಮಗುಚಿದೆ! ನನ್ನಷ್ಟು ಮಗುಚಿದ ಗಂಡು ಈ ಸೀಮೆಯಲ್ಲಿದ್ದರೆ ತೋರಿಸು!"

ಅಂಬಿಗ ಹುಟ್ಟನ್ನು ಅವನ ಕೈಗಿಟ್ಟ. ಹೋಗಿ, ದಾಟುವವರ ಜಾಗದಲ್ಲಿ ಮೊದಲು ತಾನೇ ಕುಳಿತ.

ಶಿಷ್ಯ ಕತೆಗೆ ಮನಸಾರೆ ನಕ್ಕ. ಗುರು ಕೇಳಿದರು:

"ನೀನು ಯಾವ ಹಳ್ಳದಲ್ಲಿ ಮಗುಚಿದ್ದೀಯಪ್ಪಾ?"

ಶಿಷ್ಯನ ನಗು ನಿಂತಿತು.